ಬುದ್ಧಿಮಾಪನದ ಮೂಲಪುರುಷ ಆಲ್ಫ್ರೆಡ್ ಬಿನೇ

ಪಾಠವನ್ನು ಗ್ರಹಿಸಲಾರದ ಬಾಲಕನನ್ನು ದಡ್ಡನೆಂದು ಕರೆದು ಹಿಂದಿನ ಸಾಲಿಗೆ ತಳ್ಳುವುದು ಸುಲಭ. ಅವನ ಕೊರತೆ ಯಾವುದು, ಅದಕ್ಕೆ ಪರಿಹಾರವೇನು ಎಂದು ಅರಸುವುದು ಕಠಿನ. ಈ ಕಠಿನಮಾರ್ಗವನ್ನು ಹಿಡಿದ ಮಹನೀಯರಲ್ಲಿ ಫ್ರಾನ್ಸ್ ದೇಶದ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೇ ಅಗ್ರಗಣ್ಯನು.

1857ನೆಯ ಇಸವಿ ಜುಲೈ ತಿಂಗಳಲ್ಲಿ ನೀಸ್ ನಗರದಲ್ಲಿ ಜನಿಸಿದ ಬಿನೇ ಮೊದಲು ನ್ಯಾಯಶಾಸ್ತ್ರದ ಪದವಿಯನ್ನು ಪಡೆದನು. ಅದರಲ್ಲಿ ಮನಸ್ಸು ನಿಲ್ಲದಿರಲು, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಸ್ವಪ್ರಯತ್ನದಿಂದಲೇ ಮನಶ್ಶಾಸ್ತ್ರವನ್ನು ಅಭ್ಯಸಿಸಿದನು. ಅನಂತರ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಪ್ರಖ್ಯಾತ ವೈದ್ಯನಾದ ಶಾರ್ಕೋನ ಬಳಿ ಸಂಮೋಹನವಿದ್ಯೆಯ ಪ್ರಯೋಗಗಳಲ್ಲಿ ತೊಡಗಿದನು. ಅಯಸ್ಕಾಂತದಿಂದ ಸಂಮೋಹಿತರ ಭಾವಗಳು ಮಾರ್ಪಡುವುವೆಂದು ತಾನು ಸಾರಿದ್ದು ತಪ್ಪೆಂದು ತಿಳಿದಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಂಡನು. ತರುವಾಯ ತನ್ನ ಇಬ್ಬರು ಹೆಣ್ಣುಮಕ್ಕಳು ಯೋಚಿಸುವ ಬಗೆಯನ್ನು ಪರಿಶೀಲಿಸಿ, ಒಂದೇ ಮನೆಯ ಮಕ್ಕಳ ಬುದ್ಧಿಯೂ ಬೇರೆಬೇರೆ ಜಾಡಿನಲ್ಲಿ ನಡೆಯುವುದನ್ನು ಕಂಡುಕೊಂಡನು. 1894ರಲ್ಲಿ ಸೋರ್ಬಾನಿನ ಮನಶ್ಶಾಸ್ತ್ರ ಪ್ರಯೋಗಾಲಯಕ್ಕೆ ನಿರ್ದೇಶಕನಾದನು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಶಿಕ್ಷಣವನ್ನು ಕುರಿತು ವಿಚಾರಿಸಲು ಫ್ರಾನ್ಸ್ ಸರಕಾರವು 1904ರಲ್ಲಿ ನೇಮಿಸಿದ ಆಯೋಗದಲ್ಲಿ ಬಿನೇ ಸದಸ್ಯನಾಗಿದ್ದನು. ಅಂತಹ ಮಕ್ಕಳನ್ನು ಗುರುತಿಸುವ ಕಾರ್ಯವು ಒಬ್ಬರ ಊಹೆಗೋ ಅಸಹನೆಗೋ ವಶವಾಗಬಾರದೆಂದು, ತರುಣ ವೈದ್ಯನಾದ ಸಿಮೋನನೊಡನೆ ಸೇರಿ, ಸುಲಭದಿಂದ ಕಠಿನಕ್ಕೆ ಏರುವ 30 ಪರೀಕ್ಷೆಗಳನ್ನು 1905ರಲ್ಲಿ ಪ್ರಕಟಿಸಿದನು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು, ನೊಣಕ್ಕೂ ಚಿಟ್ಟೆಗೂ ಇರುವ ಭೇದವನ್ನು ತಿಳಿಸುವುದು ಮೊದಲಾದವು ಅದರಲ್ಲಿದ್ದವು. ಬಾಯಿಪಾಠಕ್ಕಿಂತ ವಿವೇಚನೆಗೇ ಅಲ್ಲಿ ಪ್ರಾಧಾನ್ಯ. 1908ರಲ್ಲಿ ಅವುಗಳನ್ನು ವಯಸ್ಸಿಗೆ ಅನುಗುಣವಾಗಿ ಪರಿಷ್ಕರಿಸಿದನು.

ಬುದ್ಧಿಯು ಹುಟ್ಟಿನಿಂದ ಅಚಲವಾದ ಪರಿಮಾಣವೆಂಬ ಮತವನ್ನು ಬಿನೇ ಕಟುವಾಗಿ ಖಂಡಿಸಿದನು. ತಕ್ಕ ಅಭ್ಯಾಸದಿಂದ ಮಗುವಿನ ಅವಧಾನ, ಸ್ಮರಣೆ, ವಿವೇಚನೆಗಳು ವೃದ್ಧಿಯಾಗುವುವೆಂಬುದು ಅವನ ದೃಢನಂಬಿಕೆ. 1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಮರುವರ್ಷ ಜರ್ಮನಿಯ ಸ್ಟರ್ನ್ ಬುದ್ಧಿಲಬ್ಧದ ಕಲ್ಪನೆಯನ್ನು ಮುಂದಿಟ್ಟನು. ಅಮೆರಿಕದಲ್ಲಿ ಗೊಡಾರ್ಡ್ ಮೊದಲಾದವರು ಬಿನೇಯ ಅಳತೆಗೋಲನ್ನು ಅವನ ಆಶಯಕ್ಕೆ ವಿರುದ್ಧವಾಗಿ ಮಂದಮತಿಗಳೆಂಬ ಮುದ್ರೆಯೊತ್ತಲು ಬಳಸಿದರು. ನೆರವಿಗೆಂದು ಹುಟ್ಟಿದ ಸಾಧನವೇ ಬಹಿಷ್ಕಾರಕ್ಕೆ ಕಾರಣವಾಯಿತು.

ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ವಿ. ವಿ. ಕಾಮತರು 1930ರ ದಶಕದಲ್ಲಿ ಈ ಪರೀಕ್ಷೆಯನ್ನು ಅಳವಡಿಸಿದರು. ಬಿನೇ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಇಂದಿಗೂ ಭಾರತದಲ್ಲಿ ಬಳಕೆಯಲ್ಲಿದೆ. ವ್ಯಕ್ತಿತ್ವಪರೀಕ್ಷೆ, ಸ್ಮರಣಪರೀಕ್ಷೆ, ಮಸಿಕಲೆಗಳ ಪರೀಕ್ಷೆ ಇವುಗಳಂತೆ ಬುದ್ಧಿಪರೀಕ್ಷೆಯೂ ಮನಸ್ಸಿನ ಒಂದು ಮುಖವನ್ನಷ್ಟೇ ತೋರಿಸಬಲ್ಲುದು. ಪರೀಕ್ಷೆಯ ಅಂಕವು ಮಗುವಿನ ವಿಷಯದಲ್ಲಿ ತೀರ್ಪಲ್ಲ, ಅಧ್ಯಾಪಕನ ಕರ್ತವ್ಯಕ್ಕೆ ನಾಂದಿ ಎಂಬುದೇ ಬಿನೇಯ ಬಾಳಿನ ಸಾರ.