ಮನೆ ಮಾರಿ ಪ್ರೆಸ್ ಹಾಕಿದ ವಕೀಲರು

ಬಬಲೇಶ್ವರ, ತಿಕೋಟಾ ಕಡೆಯಿಂದ ದಿನಾ ಬಸ್ ಹತ್ತಿ ವಿಜಯಪುರಕ್ಕೆ ಬರುವ ನಮಗೆ ಹಳಕಟ್ಟಿ ಅಂದರೆ ಮೊದಲು ಕಾಲೇಜಿನ ಹೆಸರು. ಪಿ.ಜಿ. ಅಂದ್ರ ಪೋಸ್ಟ್ ಗ್ರ್ಯಾಜುಯೇಟ್ ಅಂತ ತಿಳಿದ ಫಸ್ಟ್ ಇಯರ್ ಹುಡುಗರೂ ಅದಾರ! ಅಲ್ರಿ, ಅದು ಫಕೀರಪ್ಪ ಗುರುಬಸಪ್ಪ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗ ತಾಯಿ ದಾನಮ್ಮ ತೀರಿಕೊಂಡರು, ಅಜ್ಜಿ ಸಾಕಿದರು. ತಂದೆ ಶಿಕ್ಷಕರು, ಬರಹಗಾರರೂ ಹೌದು. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಮುಗಿಸಿ, ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ ವಿಜಯಪುರಕ್ಕೆ ಬಂದರು. ಇಲ್ಲಿ ಅವರ ವಕೀಲಿ ಚೆನ್ನಾಗಿಯೇ ನಡೀತು. ಸರ್ಕಾರಿ ವಕೀಲರೂ ಆದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಶುರುವಾದವು. ಇಷ್ಟು ಮಾಡಿ ಸುಮ್ಮನಿದ್ದಿದ್ದರೂ ಊರು ಅವರನ್ನು ನೆನೆಯುತ್ತಿತ್ತು.

ಆದರೆ ಅವರಿಗೆ ಇನ್ನೊಂದು ಕೆಲಸವಿತ್ತು, ಸಂಬಳ ಇಲ್ಲದ್ದು. ಮಠಗಳಲ್ಲಿ, ಹಳ್ಳಿಯ ಮನೆಗಳ ಜಗಲಿಯ ಮೇಲೆ ಧೂಳು ತಿನ್ನುತ್ತಿದ್ದ ತಾಡೋಲೆ ಹುಡುಕಿ ತರೋದು, ಓದೋದು, ನಕಲು ಮಾಡೋದು. ಹಗಲು ಕಕ್ಷಿದಾರರ ಕಾಗದ, ಉಳಿದ ಹೊತ್ತು ಶರಣರ ಓಲೆ. ಹೀಗೆ ಕೂಡಿಸಿದ ವಚನಗಳನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರೆ ವಾಪಸ್ ಬಂದವು. ಕೊನೆಗೆ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಮುಂದಿನ ಭಾಗಗಳ ಗತಿ? ಪ್ರತಿ ಸಲ ಇನ್ನೊಬ್ಬರ ಬಾಗಿಲು ಬಡಿಯೋದು ಬ್ಯಾಡ ಅಂತ 1925ರಲ್ಲಿ ಇದ್ದ ಸ್ವಂತ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಸಂಸಾರ ಬಾಡಿಗೆ ಮನೆಗೆ ಹೋಯಿತು. ಇಂದು ನಾವು ವರ್ಕ್ ಫ್ರಮ್ ಹೋಮ್ ಅಂತೀವಿ. ಕೆಲಸವನ್ನು ಮನೆಗೆ ತರೋದು ಒಂದು ಮಾತು, ಕೆಲಸಕ್ಕಾಗಿ ಮನೆಯನ್ನೇ ಕೊಡೋದು ಬೇರೇನೇ ಮಾತು.

ಆಗಿನ ಅಚ್ಚು ಸಲೀಸಿನ ಕೆಲಸ ಅಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಕನ್ನಡಕ್ಕಂತೂ ಒತ್ತಕ್ಷರದ ಮೊಳೆ ಬ್ಯಾರೆ. ಕರಡು ತಿದ್ದಬೇಕು, ಅಚ್ಚಾದ ಮೇಲೆ ಮೊಳೆ ಬಿಚ್ಚಿ ಮತ್ತೆ ಖಾನೆಗೆ ಹಾಕಬೇಕು. ಇಂಥ ಪ್ರೆಸ್ಸನ್ನು ನೆಚ್ಚಿಕೊಂಡು 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಶುರು ಮಾಡಿದರು. ನಡುವೆ 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬೇರೆ. ವಕೀಲಿಯಲ್ಲಿ ಬಂದದ್ದು ಕಾಗದಕ್ಕೆ, ಮಸಿಗೆ ಹೋಯಿತು.

ಲೆಕ್ಕದ ಇನ್ನೊಂದು ಬದಿಯಲ್ಲಿ ಪತ್ನಿ ಭಾಗೀರಥಿಯವರಿದ್ದಾರೆ. ಅವರು ಸೋದರಮಾವನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ. ಗಂಡನ ಕುರಿತು ಪುಸ್ತಕಗಳೇ ಬಂದಿವೆ, ಈಕೆಯ ಬಗ್ಗೆ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ವಕೀಲರ ಮನೆಯೊಡತಿಯಾಗಿ ಬಂದವರು ಬಾಡಿಗೆ ಮನೆಯಲ್ಲಿ ಸಂಸಾರ ತೂಗಿಸಿದರು. ಒಬ್ಬ ಮನುಷ್ಯ ಎರಡು ಜೀವನದ ಕೆಲಸ ಮಾಡಿದನೆಂದರೆ ಅದರಲ್ಲಿ ಒಂದರ ಖರ್ಚನ್ನು ಮನೆಯವರೇ ಹೊತ್ತಿರುತ್ತಾರೆ ಅನ್ನೋದು ನಮ್ಮ ಅಭಿಪ್ರಾಯ. ತ್ಯಾಗ ಅಂತ ಹೊಗಳುವಾಗ ನಾವು ಒಬ್ಬರ ಹೆಸರನ್ನಷ್ಟೇ ಹೇಳ್ತೀವಿ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಾಲೇಜಿನ ಹೆಸರಿನಲ್ಲಿರುವ ಡಾ. ಅದೇ. 1964ರ ಜೂನ್ 29ರಂದು, 84 ತುಂಬಲು ಮೂರೇ ದಿನ ಉಳಿದಿದ್ದಾಗ, ಇದೇ ವಿಜಯಪುರದಲ್ಲಿ ತೀರಿಕೊಂಡರು. ಮಾರಿದ ಮನೆಯ ಬದಲು ಮತ್ತೊಂದು ಸ್ವಂತ ಮನೆ ಆಗಲೇ ಇಲ್ಲ.