ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಪ್ರಮುಖ ಕೈಗಾರಿಕೋದ್ಯಮಿಗಳಲ್ಲಿ ಒಬ್ಬರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಹಡಗು ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಇವರು, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯದ ವಿರುದ್ಧ ಇವರು ನಡೆಸಿದ ಪೈಪೋಟಿ ಮತ್ತು ಯುದ್ಧಕಾಲದಲ್ಲಿ ಇವರ ವಿಮಾನ ಕಾರ್ಖಾನೆ ಸರ್ಕಾರದ ವಶವಾದದ್ದು ಭಾರತದ ಕೈಗಾರಿಕಾ ಇತಿಹಾಸದ ಮುಖ್ಯ ಘಟನೆಗಳಾಗಿವೆ.

ಆರಂಭಿಕ ಜೀವನ

ವಾಲ್‌ಚಂದ್ ಅವರು ಸೊಲ್ಲಾಪುರದ ಗುಜರಾತಿ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದರು. ಇಂದಿನ ಕಲಬುರಗಿ ಜಿಲ್ಲೆಯ ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಸೊಲ್ಲಾಪುರ ಜಿಲ್ಲೆಗೆ ಹೊಂದಿಕೊಂಡಿವೆ. ಮುಂಬಯಿ ಮತ್ತು ಪುಣೆಯಲ್ಲಿ ವ್ಯಾಸಂಗ ಮಾಡಿದ ಇವರು, ಮನೆತನದ ವ್ಯಾಪಾರವನ್ನು ಬಿಟ್ಟು ಲಕ್ಷ್ಮಣರಾವ್ ಫಾಟಕ್ ಅವರ ಜೊತೆಗೂಡಿ ರೈಲ್ವೆ ಗುತ್ತಿಗೆದಾರರಾದರು.

ಹಡಗು ಸಾಗಣೆ ಮತ್ತು ದರ ಸಮರ

1919ರಲ್ಲಿ ವಾಲ್‌ಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರಿಂದ ಲಾಯಲ್ಟಿ ಎಂಬ ಹಡಗನ್ನು ಕೊಂಡು ಸಿಂಧಿಯಾ ಕಂಪನಿಯನ್ನು ಸ್ಥಾಪಿಸಿದರು. ಆ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್‌ಗೆ ಹೊರಟಿತು. ಇದರ ನೆನಪಿಗಾಗಿ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸಲಾಗುತ್ತದೆ.

ಆಗ ಭಾರತದ ಕರಾವಳಿ ಸಾಗಣೆಯು ಬಹುಮಟ್ಟಿಗೆ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಿಡಿತದಲ್ಲಿತ್ತು. ಹೊಸ ಕಂಪನಿಯನ್ನು ಮಣಿಸಲು ಸಾಗಣೆ ದರಗಳನ್ನು ತೀವ್ರವಾಗಿ ಇಳಿಸಲಾಯಿತು. ತಡವಾಗಿ ಪಾವತಿಸುವ ರಿಯಾಯಿತಿ ಪದ್ಧತಿಯೂ ಆಗ ಬಳಕೆಯಲ್ಲಿತ್ತು. ಅದರಂತೆ, ನಿಗದಿತ ಅವಧಿಯ ನಂತರವೂ ವರ್ತಕನು ಅದೇ ಕಂಪನಿಯ ಹಡಗುಗಳಲ್ಲಿ ಸರಕು ಕಳುಹಿಸುತ್ತಿದ್ದರೆ ಮಾತ್ರ ಹಿಂದಿನ ಅವಧಿಯ ರಿಯಾಯಿತಿ ದೊರೆಯುತ್ತಿತ್ತು. ಪೈಪೋಟಿಯ ಹಡಗಿಗೆ ಒಮ್ಮೆ ಸರಕು ಕೊಟ್ಟರೂ ಆ ಹಣ ಕೈತಪ್ಪುತ್ತಿತ್ತು.

1923ರಲ್ಲಿ ಸಿಂಧಿಯಾ ಕಂಪನಿಯು ಹಡಗುಗಳ ಒಟ್ಟು ಸಾಮರ್ಥ್ಯಕ್ಕೆ ಮಿತಿ ಹಾಕಿಕೊಳ್ಳುವ ಹತ್ತು ವರ್ಷಗಳ ಒಪ್ಪಂದಕ್ಕೆ ಒಳಗಾಯಿತು. ಕರಾವಳಿ ಸಾಗಣೆಯನ್ನು ಭಾರತೀಯ ಹಡಗುಗಳಿಗೆ ಮೀಸಲಿಡುವ ಮಸೂದೆಯನ್ನು 1928ರಲ್ಲಿ ಎಸ್. ಎನ್. ಹಾಜಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರೂ ಅದು ಕಾಯ್ದೆಯಾಗಲಿಲ್ಲ. 1929ರಲ್ಲಿ ವಾಲ್‌ಚಂದ್ ಕಂಪನಿಯ ಅಧ್ಯಕ್ಷರಾದರು. ಕರಾವಳಿ ಸಾಗಣೆಯ ಮೀಸಲಾತಿ ಸ್ವಾತಂತ್ರ್ಯಾನಂತರವೇ ಜಾರಿಗೆ ಬಂದಿತು.

ಬೆಂಗಳೂರಿನ ವಿಮಾನ ಕಾರ್ಖಾನೆ

1939ರ ಅಮೆರಿಕ ಪ್ರವಾಸದ ಸಂದರ್ಭದಲ್ಲಿ ವಾಲ್‌ಚಂದ್ ಅವರಿಗೆ, ಚೀನಾದಲ್ಲಿ ವಿಮಾನ ತಯಾರಿಸುತ್ತಿದ್ದ ವಿಲಿಯಂ ಪಾಲೆ ಅವರ ಪರಿಚಯವಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ನೇತೃತ್ವದ ಮೈಸೂರು ಸರ್ಕಾರ ಭೂಮಿ ಹಾಗೂ 25 ಲಕ್ಷ ರೂಪಾಯಿ ಬಂಡವಾಳ ಒದಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಾಟ ನಡೆಸಿತು.

ಜಪಾನ್ ಪಡೆಗಳು ಬರ್ಮಾದಲ್ಲಿ ಮುನ್ನಡೆಯುತ್ತಿದ್ದಾಗ, 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರವು ವಾಲ್‌ಚಂದ್ ಪಾಲನ್ನು ಖರೀದಿಸಿ ಆಡಳಿತವನ್ನು ವಹಿಸಿಕೊಂಡಿತು. ಮೈಸೂರು ಸರ್ಕಾರ ತನ್ನ ಪಾಲನ್ನು ಉಳಿಸಿಕೊಂಡಿತು. ಯುದ್ಧಕಾಲದಲ್ಲಿ ಕಾರ್ಖಾನೆ ಮುಖ್ಯವಾಗಿ ಮಿತ್ರಪಡೆಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಭಾರತದಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಇಲ್ಲಿಂದ ಮೊದಲ ಬಾರಿಗೆ ಹಾರಿತು. 1964ರಲ್ಲಿ ಈ ಕಂಪನಿಯು ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ರೂಪುಗೊಂಡಿತು.

ಇತರ ಉದ್ಯಮಗಳು

1941ರ ಜೂನ್‌ನಲ್ಲಿ ವಿಶಾಖಪಟ್ಟಣದ ಹಡಗುಕಟ್ಟೆಗೆ ರಾಜೇಂದ್ರ ಪ್ರಸಾದ್ ಶಂಕುಸ್ಥಾಪನೆ ಮಾಡಿದರು. ಅಲ್ಲಿ ನಿರ್ಮಾಣವಾದ ಜಲಉಷಾ ಹಡಗನ್ನು 1948ರಲ್ಲಿ ಜವಾಹರಲಾಲ್ ನೆಹರು ನೀರಿಗಿಳಿಸಿದರು. ಎಂ. ವಿಶ್ವೇಶ್ವರಯ್ಯನವರ ಮೋಟಾರು ಕಾರ್ಖಾನೆಯ ಯೋಜನೆಯಲ್ಲೂ ವಾಲ್‌ಚಂದ್ ಆಸಕ್ತಿ ವಹಿಸಿದ್ದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು.

ನಿಧನ ಮತ್ತು ಪ್ರಾಮುಖ್ಯ

ಅನಾರೋಗ್ಯದಿಂದ ವ್ಯವಹಾರಗಳಿಂದ ನಿವೃತ್ತರಾದ ವಾಲ್‌ಚಂದ್, 1953ರಲ್ಲಿ ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು.

ಇವರ ಕಾಲದಲ್ಲಿ ಏಕಸ್ವಾಮ್ಯವನ್ನು ತಡೆಯುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇರಲಿಲ್ಲ. ಅಂತಹ ಮೊದಲ ಕಾಯ್ದೆ 1969ರಲ್ಲಿ ಬಂದಿತು. ಅದರ ಸ್ಥಾನದಲ್ಲಿ ಬಂದ 2002ರ ಸ್ಪರ್ಧಾ ಕಾಯ್ದೆಯು, ಪ್ರತಿಸ್ಪರ್ಧಿಯನ್ನು ಹೊರದೂಡಲು ಪ್ರಬಲ ಸಂಸ್ಥೆಯೊಂದು ವೆಚ್ಚಕ್ಕಿಂತ ಕಡಿಮೆ ದರ ವಿಧಿಸುವುದನ್ನು ನಿಷೇಧಿಸುತ್ತದೆ. ಅದೇ ಕಾಯ್ದೆಯ 54ನೇ ಪ್ರಕರಣವು ರಾಷ್ಟ್ರದ ಭದ್ರತೆ ಅಥವಾ ಸಾರ್ವಜನಿಕ ಹಿತಾಸಕ್ತಿಗಾಗಿ ಕೆಲವು ವರ್ಗದ ಉದ್ಯಮಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹಡಗು ಉದ್ಯಮದಲ್ಲಿ ವಾಲ್‌ಚಂದ್ ಎದುರಿಸಿದ ದರ ಸಮರಕ್ಕೂ ವಿಮಾನ ಉದ್ಯಮದಲ್ಲಿ ಎದುರಿಸಿದ ಭದ್ರತೆಯ ಪ್ರಶ್ನೆಗೂ ಇಂದು ಒಂದೇ ಕಾಯ್ದೆಯಲ್ಲಿ ಸ್ಥಾನವಿದೆ.