ಪುಸ್ತಕಾಲಯದ ಗೋಡೆಗೆ ಸಂದ ಮೂವತ್ತು ವರ್ಷ

ಜಾನ್ ಸಿಂಗರ್ ಸಾರ್ಜೆಂಟನ ಹೆಸರೆತ್ತಿದೊಡನೆ ಕಲಾಭಿಜ್ಞರ ಕಣ್ಣ ಮುಂದೆ ನಿಲ್ಲುವುದು ರೇಷ್ಮೆ ಮುತ್ತುಗಳಿಂದ ಮೆರೆಯುವ ಶ್ರೀಮಂತ ಮಹಿಳೆಯರ ಭಾವಚಿತ್ರಗಳು. ಅಟ್ಲಾಂಟಿಕದ ಎರಡು ದಡಗಳ ಸಿರಿವಂತರೂ ಆತನ ಕುಂಚಕ್ಕಾಗಿ ಸರದಿ ಕಾದು ನಿಂತ ಕಾಲವೊಂದಿತ್ತು. ಆದರೆ ಆ ಕಲಾವಿದನು ತನ್ನ ಬಾಳಿನ ಹಿರಿಯ ಕೃತಿಯೆಂದು ಬಗೆದದ್ದು ಅವುಗಳಲ್ಲಿ ಯಾವುದನ್ನೂ ಅಲ್ಲ. ಬಾಸ್ಟನ್ ನಗರದ ಸಾರ್ವಜನಿಕ ಪುಸ್ತಕಾಲಯದ ಮೇಲಂತಸ್ತಿನಲ್ಲಿ, ಉದ್ದನೆಯ ಮೊಗಸಾಲೆಯೊಂದರ ಗೋಡೆ ಕಮಾನುಗಳ ಮೇಲೆ ತಾನು ರಚಿಸಿದ ಚಿತ್ರಮಾಲೆಯನ್ನು. 1890ರಲ್ಲಿ ಕೈಹಿಡಿದ ಆ ಕೆಲಸ 1919ರವರೆಗೆ ನಡೆಯಿತು, ಆಮೇಲೆ ನಿಂತಿತು, ಮುಗಿಯಲಿಲ್ಲ. ಭಾವಚಿತ್ರಗಳ ಸಾರ್ಜೆಂಟನಿಗಿಂತ ಗೋಡೆಯ ಸಾರ್ಜೆಂಟನೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿದ್ದಾನೆ. ಆತನ ಬಾಳನ್ನು ಆ ಗೋಡೆಯ ಕಡೆಯಿಂದಲೇ ನೋಡುವುದು ಈ ಲೇಖನದ ಉದ್ದೇಶ.

ಸಾರ್ಜೆಂಟನು ಹುಟ್ಟಿದ್ದು 1856ರ ಜನವರಿ 12ರಂದು, ಇಟಲಿಯ ಫ್ಲಾರೆನ್ಸಿನಲ್ಲಿ. ತಂದೆ ಫಿಟ್ಸ್‌ವಿಲಿಯಂ ಫಿಲಡೆಲ್ಫಿಯದ ವೈದ್ಯ. ತಾಯಿ ಮೇರಿ ಚಿತ್ರಕಲೆಯಲ್ಲಿ ಒಲವುಳ್ಳವಳು. ಚೊಚ್ಚಲ ಮಗುವನ್ನು ಕಳೆದುಕೊಂಡ ದುಃಖದಲ್ಲಿ ಯೂರೋಪಿಗೆ ಹೊರಟ ದಂಪತಿಗಳು ಮತ್ತೆ ತಾಯ್ನಾಡಿನಲ್ಲಿ ನೆಲೆಸಲೇ ಇಲ್ಲ. ಚಳಿಗಾಲಕ್ಕೊಂದು ಊರು, ಬೇಸಗೆಗೊಂದು ಊರು. ಕ್ರಮವಾದ ಶಾಲಾಶಿಕ್ಷಣ ಹುಡುಗನಿಗೆ ದೊರೆಯಲಿಲ್ಲ. ಅದಕ್ಕೆ ಬದಲಾಗಿ ನಾಲ್ಕು ಭಾಷೆಗಳು, ಪಿಯಾನೋವಾದನ ಹಾಗೂ ಕೈಯಿಂದ ಬಿಡದ ಚಿತ್ರಪುಸ್ತಕ ದೊರೆತವು. ಅಮೆರಿಕದ ಪ್ರಜೆಯೆನಿಸಿದ ಆತ ಅಮೆರಿಕದ ನೆಲವನ್ನು ಮೊದಲು ಮೆಟ್ಟಿದ್ದು 1876ರಲ್ಲಿ, ಇಪ್ಪತ್ತು ತುಂಬಿದ ಮೇಲೆ. ನೆಲೆಯಿಲ್ಲದೆ ಬೆಳೆದವನಿಗೆ ಒಂದು ಊರಿನ ಗೋಡೆಯ ಮೇಲೆ ಅಷ್ಟು ಮೋಹ ಹುಟ್ಟಿದುದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನನಗೆ ತೋರುತ್ತದೆ.

ಪ್ಯಾರಿಸ್ಸಿನಲ್ಲಿ ಕರೋಲಸ್ ಡ್ಯೂರಾನನ ಶಿಷ್ಯತ್ವ, ಬಹು ಬೇಗನೆ ಬಂದ ಕೀರ್ತಿ, 1884ರಲ್ಲಿ ಮದಾಂ ಗೊತ್ರೋ ಎಂಬ ಸುಂದರಿಯ ಭಾವಚಿತ್ರ ಎಬ್ಬಿಸಿದ ಅಪವಾದ, ಅದರ ಫಲವಾಗಿ ಲಂಡನ್ನಿಗೆ ವಲಸೆ: ಈ ಸಂಗತಿಗಳನ್ನು ಆತನ ಚರಿತ್ರಕಾರರೆಲ್ಲರೂ ವಿಸ್ತಾರವಾಗಿ ಹೇಳಿದ್ದಾರೆ. ಆ ಚಿತ್ರದಲ್ಲಿ ಭುಜದಿಂದ ಜಾರಿದ್ದ ಉಡುಪಿನ ಪಟ್ಟಿಯೊಂದನ್ನು ಆತ ಅನಂತರ ಸ್ವಸ್ಥಾನಕ್ಕೆ ಏರಿಸಿ ತಿದ್ದಿದನೆಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಜನ ಗದ್ದಲವೆಬ್ಬಿಸಿದಾಗ ತಿದ್ದಿಕೊಂಡ ಕೈ ಅದು. ಮುಂದೆ ಮೂವತ್ತೈದು ವರ್ಷಗಳ ಮೇಲೆ ಇನ್ನೊಂದು ಗದ್ದಲವೆದ್ದಾಗ ಅದೇ ಕೈ ತಿದ್ದಲಿಲ್ಲ.

ಬಾಸ್ಟನ್ನಿನ ಪುಸ್ತಕಾಲಯ 1848ರಲ್ಲಿ ಸ್ಥಾಪಿತವಾದದ್ದು. ನಗರದ ತೆರಿಗೆಯ ಹಣದಿಂದ ನಡೆದು, ಯಾರಾದರೂ ಬಂದು ಓದಬಹುದಾದ, ಮನೆಗೂ ಪುಸ್ತಕ ಒಯ್ಯಬಹುದಾದ ಸಂಸ್ಥೆ ಅಂದು ಅಪರೂಪವಾಗಿತ್ತು. ಕಾಪ್ಲಿ ಚೌಕದಲ್ಲಿ ಅದಕ್ಕೊಂದು ಹೊಸ ಭವನವನ್ನು ಕಟ್ಟುವ ಕಾರ್ಯ ವಾಸ್ತುಶಿಲ್ಪಿ ಚಾರ್ಲ್ಸ್ ಮೆಕ್ಕಿಮ್‌ನ ಪಾಲಿಗೆ ಬಂದಾಗ, ಬಡವನೂ ಕಾಲಿಡುವ ಈ ಮನೆ ಅರಮನೆಗಳಿಗೆ ಕಡಮೆಯಾಗಬಾರದೆಂದು ಆತ ಹಟತೊಟ್ಟ. ಮೆಟ್ಟಿಲುಸಾಲಿನ ಗೋಡೆಗಳಿಗೆ ಫ್ರಾನ್ಸಿನ ಪ್ಯೂವಿ ದ ಶವಾನ್ ಎಂಬ ವೃದ್ಧ ಕಲಾವಿದನನ್ನು ಒಪ್ಪಿಸಿದ. ಆ ಹಿರಿಯ ಬಾಸ್ಟನ್ನಿಗೆ ಬರಲೇ ಇಲ್ಲ, ಪ್ಯಾರಿಸ್ಸಿನಲ್ಲೇ ಕ್ಯಾನ್ವಾಸಿನ ಮೇಲೆ ಬರೆದು ಹಡಗಿನಲ್ಲಿ ಕಳುಹಿದ. ಪುಸ್ತಕ ನೀಡುವ ಕೋಣೆಗೆ ಎಡ್ವಿನ್ ಆಸ್ಟಿನ್ ಆಬಿ ಪವಿತ್ರಪಾತ್ರೆಯ ಅನ್ವೇಷಣೆಯ ಕಥೆಯನ್ನು ಹದಿನೈದು ಚಿತ್ರಗಳಲ್ಲಿ ಬರೆದ. ಅಂಗಳಕ್ಕೆಂದು ಮೆಕ್ಕಿಮ್ ತಾನೇ ಕಾಣಿಕೆಯಿತ್ತ ನರ್ತಿಸುವ ನಗ್ನ ಸ್ತ್ರೀಯ ಕಂಚಿನ ಪ್ರತಿಮೆಯನ್ನು ಮಾತ್ರ ಊರಿನ ಮಡಿವಂತರು ಸಹಿಸಲಿಲ್ಲ. ಕೊಟ್ಟವನೇ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಎಲ್ಲರ ಮನೆಯ ಅಲಂಕಾರಕ್ಕೆ ಎಲ್ಲರೂ ಒಡೆಯರಷ್ಟೆ!

1890ರಲ್ಲಿ ಮೆಕ್ಕಿಮ್ ಮತ್ತು ಆತನ ಗೆಳೆಯರು ಸಾರ್ಜೆಂಟನನ್ನು ಒಪ್ಪಿಸಿದರು. ಮೊದಲು ಆತ ಎಣಿಸಿದ್ದ ವಸ್ತು ಸ್ಪ್ಯಾನಿಷ್ ಸಾಹಿತ್ಯ. ಪುಸ್ತಕಾಲಯಕ್ಕೆ ಅದು ಒಪ್ಪುವ ವಸ್ತುವೇ ಆಗಿತ್ತು, ತೊಂದರೆಯೂ ಬರುತ್ತಿರಲಿಲ್ಲ. ಆದರೆ ಆತನ ಮನಸ್ಸು ಅಲ್ಲಿ ನಿಲ್ಲದೆ ಮತದ ಇತಿಹಾಸಕ್ಕೆ ಹಾರಿತು: ಪ್ರಾಚೀನ ವಿಗ್ರಹಾರಾಧನೆಯಿಂದ ಯೆಹೂದ್ಯರ ಏಕದೇವೋಪಾಸನೆಗೆ, ಅಲ್ಲಿಂದ ಕ್ರೈಸ್ತ ಸಿದ್ಧಾಂತಕ್ಕೆ, ಕೊನೆಗೆ ವಿಧಿನಿಷೇಧಗಳನ್ನೆಲ್ಲ ದಾಟಿ ವ್ಯಕ್ತಿಯ ಅಂತರಂಗಕ್ಕೆ. ಅದೇ ವರ್ಷದ ಕೊನೆಗೆ ತಾಯಿ ತಂಗಿಯರೊಡನೆ ಈಜಿಪ್ಟಿಗೆ ಹೋಗಿ ಪುರಾತನ ಗುಡಿಗಳನ್ನು ಕಂಡುಬಂದ. ಇಂಗ್ಲೆಂಡಿನ ಫೇರ್‌ಫರ್ಡ್ ಎಂಬ ಹಳ್ಳಿಯಲ್ಲಿ ಆಬಿಯೊಡನೆ ಒಂದೇ ಚಿತ್ರಶಾಲೆಯಲ್ಲಿ ದುಡಿದ. ಆತನು ಭಕ್ತನಾಗಿದ್ದನೆಂದು ಹೇಳುವಂತಿಲ್ಲ; ಮತಗಳನ್ನು ದೂರ ನಿಂತು ನೋಡುವ ವಿದ್ವಾಂಸನ ದೃಷ್ಟಿ ಆತನದು. ಮುಂದಿನ ಸಂಕಟಕ್ಕೆ ಬೀಜ ಇಲ್ಲಿಯೇ ಇತ್ತು.

1895ರಲ್ಲಿ ಉತ್ತರದ ತುದಿ ಜನರ ಕಣ್ಣಿಗೆ ಬಿತ್ತು. ಮೇಲಿನ ಕಮಾನಿನಲ್ಲಿ ಆಕಾಶವನ್ನೇ ಮೈಯಾಗಿ ಚಾಚಿದ ಈಜಿಪ್ಟಿನ ನುಟ್ ದೇವತೆ, ಗೂಳಿದಲೆಯ ಮೋಲಾಕ್, ನೀಲಿ ಮುಸುಕಿನ ಅಸ್ಟಾರ್ಟೆ. ಕೆಳಗೆ ಫೇರೋ ಮತ್ತು ಅಸ್ಸೀರಿಯದ ಅರಸರ ನಡುವೆ ಮೊಣಕಾಲೂರಿ ಕೈಯೆತ್ತಿ ಮೊರೆಯಿಡುವ ಇಸ್ರೇಲ್ ಜನ. ಅದರ ಕೆಳಗೆ ಪ್ರವಾದಿಗಳ ಸಾಲು. ಬಣ್ಣ ಒಂದೇ ಆತನಿಗೆ ಸಾಲದಾಯಿತು. ಕೆಲವೆಡೆ ಉಬ್ಬುಗೆಲಸ, ಕೆಲವೆಡೆ ಚಿನ್ನದ ಲೇಪ, ಕೆಲವೆಡೆ ಗಾಜಿನ ಹರಳು. ಹಲಗೆಗಳನ್ನು ಹಿಡಿದ ಮೋಶೆ ಗೋಡೆಯಿಂದ ಹೊರಚಾಚಿ ನಿಂತಿದ್ದಾನೆ. ಆದರೆ ಜನ ಮೆಚ್ಚಿದ್ದು ಅಲಂಕಾರವಿಲ್ಲದ ಪ್ರವಾದಿಗಳನ್ನು, ವಿಶೇಷವಾಗಿ ಬಿಳಿಯ ನಿಲುವಂಗಿಯ ಯುವಕ ಹೋಶೇಯನನ್ನು. ಆ ಸಾಲಿನ ಅಚ್ಚಿನ ಪ್ರತಿಗಳು ಅಮೆರಿಕದ ಮನೆಮನೆಗೂ ಶಾಲೆಶಾಲೆಗೂ ಹೋದವು. ಜನರ ಮೆಚ್ಚುಗೆಯನ್ನು ಅಳೆಯಲು ಇನ್ನೊಂದು ಲೆಕ್ಕವೂ ಇದೆ: ಮೊದಲ ಕರಾರಿನ ಸಂಭಾವನೆ 15,000 ಡಾಲರ್, ಉದ್ದಗೋಡೆಯನ್ನೂ ಆತನೇ ಬರೆಯಲೆಂದು ನಾಗರಿಕರು ವಂತಿಗೆಯೆತ್ತಿ ಮತ್ತೆ ಅಷ್ಟನ್ನೇ ಕೂಡಿಸಿದರು.

ದಕ್ಷಿಣದ ತುದಿಗೆ ಕ್ರೈಸ್ತ ಸಿದ್ಧಾಂತದ ಚಿತ್ರ ಬಂದದ್ದು 1903ರಲ್ಲಿ. ಅನಂತರ ಕೆಲಸ ನಿಧಾನವಾಯಿತು. 1905ರಲ್ಲಿ ಮತ್ತೆ ಪ್ಯಾಲೆಸ್ಟೈನಿನ ಕಡೆ ಹೋದ. 1906ರ ಜನವರಿಯಲ್ಲಿ ತಾಯಿ ತೀರಿಕೊಂಡಾಗ ಮಗ ಅಲ್ಲಿಯೇ ಇದ್ದ. 1907ರ ಸುಮಾರಿಗೆ ಹಣದ ಹೊಳೆಯಾಗಿದ್ದ ಭಾವಚಿತ್ರಗಳಿಗೆ ಬಹುಮಟ್ಟಿಗೆ ಬಾಗಿಲು ಹಾಕಿದ. ಬ್ರಿಟನ್ನಿನ ನೈಟ್ ಪದವಿಯನ್ನೂ ತಾನು ಅಮೆರಿಕದ ಪ್ರಜೆಯೆಂಬ ಕಾರಣಕ್ಕೆ ಒಲ್ಲೆನೆಂದ. 1916ರಲ್ಲಿ ಪಕ್ಕದ ಕಮಾನುಗಳ ಚಿತ್ರಗಳನ್ನು ತಾನೇ ಬಾಸ್ಟನ್ನಿಗೆ ಬಂದು ಗೋಡೆಗೇರಿಸಿದ.

ಹೊರಗೆ ಮಹಾಯುದ್ಧ ನಡೆದಿತ್ತು. 1918ರ ಗುಡ್ ಫ್ರೈಡೆಯಂದು ಜರ್ಮನರ ದೂರಗಾಮಿ ಫಿರಂಗಿಯ ಗುಂಡು ಪ್ಯಾರಿಸ್ಸಿನ ಸಂತ ಜೆರ್ವೆ ಇಗರ್ಜಿಯ ಮೇಲೆ ಬಿದ್ದು, ಪ್ರಾರ್ಥನೆಗೆ ಹೋಗಿದ್ದ ಸೋದರಸೊಸೆ ರೋಸ್‌ಮರಿ ಮಡಿದಳು. ಆತ ಎಷ್ಟೋ ಚಿತ್ರಗಳಿಗೆ ಮಾದರಿಯಾಗಿ ಕೂರಿಸಿಕೊಂಡಿದ್ದ ಹುಡುಗಿ ಅವಳು. ಅದೇ ವರ್ಷ ರಣರಂಗಕ್ಕೆ ಹೋದ ಸಾರ್ಜೆಂಟನು ವಿಷಾನಿಲದಿಂದ ಕಣ್ಣು ಕಳೆದುಕೊಂಡು ಒಬ್ಬರ ಹೆಗಲನ್ನೊಬ್ಬರು ಹಿಡಿದು ನಡೆಯುವ ಸೈನಿಕರ ಸಾಲನ್ನು ಚಿತ್ರಿಸಿದ. ಕಣ್ಣಿಗೆ ಬಟ್ಟೆ ಕಟ್ಟಿದ ಮನುಷ್ಯರ ಇಷ್ಟು ಕರುಣಾರ್ದ್ರವಾದ ಇನ್ನೊಂದು ಚಿತ್ರವನ್ನು ನಾನು ಕಾಣೆ.

ಅದರ ಬೆನ್ನಿಗೇ, 1919ರಲ್ಲಿ, ಪುಸ್ತಕಾಲಯದ ಗೋಡೆಯಲ್ಲಿ ಕಣ್ಣು ಕಟ್ಟಿದ ಇನ್ನೊಂದು ಆಕೃತಿ ಕಾಣಿಸಿತು. ಮೆಟ್ಟಿಲಿನ ಮೇಲ್ಗಡೆಯ ಗೋಡೆಯಲ್ಲಿ ಆತ ಎರಡು ಚಿತ್ರಗಳನ್ನು ಇರಿಸಿದ್ದ. ಒಂದರಲ್ಲಿ ಯೌವನದಿಂದ ನೆಟ್ಟಗೆ ಕುಳಿತ ಕ್ರೈಸ್ತಸಭೆ. ಇನ್ನೊಂದರಲ್ಲಿ ಯೆಹೂದ್ಯ ಮಂದಿರವೆಂಬ ಮುದುಕಿ, ಕಿರೀಟ ಜಾರಿ, ರಾಜದಂಡ ಮುರಿದು, ಕಣ್ಣಿಗೆ ಪಟ್ಟಿ ಬಿಗಿದು ಕುಸಿಯುತ್ತಿದ್ದಾಳೆ. ಬಾಸ್ಟನ್ನಿನ ಯೆಹೂದ್ಯರು ನೊಂದರು. ಅವರೂ ಆ ಪುಸ್ತಕಾಲಯದ ತೆರಿಗೆದಾರರು, ಅವರ ಮಕ್ಕಳೂ ಆ ಮೆಟ್ಟಿಲು ಹತ್ತಿ ಓದಲು ಬರುವವರು. ಮಧ್ಯಯುಗದ ಯೂರೋಪಿನಲ್ಲಿ, ಸ್ಟ್ರಾಸ್‌ಬರ್ಗಿನ ಮಹಾದೇವಾಲಯದಲ್ಲಿ, ರೀಮ್ಸಿನಲ್ಲಿ ಇಂತಹ ಪ್ರತಿಮೆಗಳಿವೆಯೆಂಬುದು ಚಿತ್ರಕಾರನ ಕಡೆಯ ಸಮಾಧಾನ. ಆ ಸಮಾಧಾನ ಸಾಲದೆಂದು ನನ್ನ ಅಭಿಪ್ರಾಯ. ದೇವಾಲಯ ಒಂದು ಮತದವರ ಮನೆ, ಪುಸ್ತಕಾಲಯ ಹಾಗಲ್ಲ. ಆದರೆ ಆತನಲ್ಲಿ ದ್ವೇಷವಿತ್ತೆಂದು ನಂಬುವುದೂ ಕಷ್ಟ. ಲಂಡನ್ನಿನ ಯೆಹೂದ್ಯ ವರ್ತಕ ವರ್ಟೈಮರನ ಕುಟುಂಬದೊಡನೆ ಆತನಿಗಿದ್ದ ಸ್ನೇಹಕ್ಕೆ ಹನ್ನೆರಡು ಭಾವಚಿತ್ರಗಳು ಸಾಕ್ಷಿಯಾಗಿವೆ. ಪೂರ್ವಿಕರ ಪ್ರತಿಮೆಯೊಂದನ್ನು ಎತ್ತಿಕೊಂಡವನಿಗೆ ಅದರೊಳಗಿನ ಮುಳ್ಳು ಕಾಣಲಿಲ್ಲ.

ವಾದ ವರ್ಷಗಟ್ಟಲೆ ನಡೆಯಿತು. ಚಿತ್ರವನ್ನು ತೆಗೆಸಲು 1922ರಲ್ಲಿ ಮ್ಯಾಸಚೂಸೆಟ್ಸಿನ ಶಾಸನಸಭೆ ಕಾಯಿದೆಯನ್ನೇ ಮಾಡಿತು. 1924ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ವರ್ಷವೇ ಯಾರೋ ಚಿತ್ರದ ಮೇಲೆ ಮಸಿ ಎರಚಿದರು. ಮಸಿಯನ್ನು ತೊಳೆದರು, ಚಿತ್ರ ಗೋಡೆಯಲ್ಲೇ ಉಳಿಯಿತು. ಸಾರ್ಜೆಂಟನು ಪತ್ರಿಕೆಗಳಲ್ಲಿ ವಾದಕ್ಕಿಳಿಯಲಿಲ್ಲ, ಕುಂಚವನ್ನೂ ಎತ್ತಲಿಲ್ಲ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೂ ಹಾರ್ವರ್ಡಿನ ವೈಡ್ನರ್ ಪುಸ್ತಕಾಲಯಕ್ಕೂ ಹೊಸ ಭಿತ್ತಿಚಿತ್ರಗಳನ್ನು ಬರೆದುಕೊಟ್ಟ. ಈ ಮೊಗಸಾಲೆಗೆ ಮಾತ್ರ ಮತ್ತೊಂದು ಚಿತ್ರವನ್ನು ತರಲಿಲ್ಲ.

ತರಬೇಕಾಗಿದ್ದ ಚಿತ್ರವೇ ಎಲ್ಲಕ್ಕೂ ಮುಖ್ಯವಾದದ್ದು. ಆ ಇಬ್ಬರು ಸ್ತ್ರೀಯರ ನಡುವಿನ ದೊಡ್ಡ ಅಂಕಣದಲ್ಲಿ ಯೇಸುವಿನ ಗಿರಿಪ್ರವಚನ ಬರಬೇಕಿತ್ತು. ಗುಡಿಯಿಲ್ಲ, ಪೀಠವಿಲ್ಲ, ಬಯಲಿನಲ್ಲಿ ಕುಳಿತ ಜನ, ಮಾತನಾಡುವ ಒಬ್ಬ ಮನುಷ್ಯ. ಅದೊಂದು ಬಂದಿದ್ದರೆ ಮುದುಕಿಯ ಪತನವೂ ತರುಣಿಯ ಸಿಂಹಾಸನವೂ ಎರಡೂ ದಾಟಿಹೋದ ಮೆಟ್ಟಿಲುಗಳೆಂದು ನೋಡುವವರು ತಿಳಿಯುತ್ತಿದ್ದರೇನೋ. ಬಾರದುದರಿಂದ ಒಂದು ಮತ ಇನ್ನೊಂದನ್ನು ಗೆದ್ದ ಕಥೆಯಾಗಿಯೇ ಗೋಡೆ ಉಳಿಯಿತು. ವಾಕ್ಯದ ಕ್ರಿಯಾಪದವನ್ನೇ ಬಿಟ್ಟು ಕವಿ ಎದ್ದುಹೋದಂತೆ.

1925ರ ಏಪ್ರಿಲಿನಲ್ಲಿ ಕಲಾಸಂಗ್ರಹಾಲಯದ ಕೊನೆಯ ಚಿತ್ರಗಳನ್ನು ಗೋಡೆಗೇರಿಸಲು ಆತ ಬಾಸ್ಟನ್ನಿಗೆ ಹಡಗು ಹತ್ತಬೇಕಿತ್ತು. 15ರ ಬೆಳಗ್ಗೆ ಲಂಡನ್ನಿನ ತನ್ನ ಮನೆಯಲ್ಲಿ, ನಿದ್ದೆಯಲ್ಲಿಯೇ ತೀರಿಕೊಂಡಿದ್ದುದು ಕಂಡುಬಂತು. ಬಳಿಯಲ್ಲಿ ವಾಲ್ಟೇರನ ಪುಸ್ತಕವೊಂದು ತೆರೆದಿತ್ತು. ಆತ ಮದುವೆಯಾಗಿರಲಿಲ್ಲ, ಬ್ರುಕ್‌ವುಡ್ಡಿನ ಸ್ಮಶಾನದಲ್ಲಿ ಸಮಾಧಿಯಾಯಿತು.

2003-04ರಲ್ಲಿ ಹಾರ್ವರ್ಡಿನ ತಜ್ಞರು ಮೊಗಸಾಲೆಯ ಚಿತ್ರಗಳ ಮೇಲಿನ ದಶಕಗಳ ಕೊಳೆಯನ್ನು ತೆಗೆದು ಮೊದಲಿನ ಹೊಳಪನ್ನು ಮರಳಿಸಿದರು. ನುಟ್ ದೇವತೆಯ ಚಿನ್ನ ಮತ್ತೆ ಮಿನುಗಿತು, ಪ್ರವಾದಿಗಳ ನಿಲುವಂಗಿಗಳು ಬೆಳ್ಳಗಾದವು. ಮೆಟ್ಟಿಲಿನ ಮೇಲ್ಗಡೆ, ಇಬ್ಬರು ಸ್ತ್ರೀಯರ ನಡುವಿನ ಅಂಕಣ ಖಾಲಿಯಾಗಿಯೇ ಇದೆ.